ಅತ್ತೆಯ ಅಂಗೈ ಊರು

ಮಾಗಿಯ ಚಳಿ ಇಳಿದಿತ್ತು. ಬೆಳಗಿನ ಹಾಲು ಕರೆಯುವ ಹೊತ್ತಿಗೆ ಹಸುಗಳ ಉಸಿರು, ಬಿಸಿನೀರಿನ ಬಕೆಟ್ಟಿನ ಹಬೆ, ಹಿರಿಸೊಸೆಯ ಗೊಣಗಾಟ, ಮೂರೂ ಒಂದೇ ಬಣ್ಣದ ಹೊಗೆಯಾಗಿ ಕೊಟ್ಟಿಗೆಯ ಮಾಡಿನ ಕೆಳಗೆ ಕಲೆಯುತ್ತಿದ್ದವು. ಅವಳು ಬಟ್ಟೆಯನ್ನು ಬಿಸಿನೀರಿಗೆ ಅದ್ದಿ ಹಿಂಡಿ ಒಂದೊಂದೇ ಕೆಚ್ಚಲನ್ನು ಒರೆಸುತ್ತ ಬಂದಳು. ಕೆಂದು ಹಸುವಿನ ಬಳಿ ಬಂದಾಗ ಮಾತ್ರ ಮಣೆಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡು ಕೂತಳು. ಚಳಿಗಾಲದಲ್ಲಿ ಅದಕ್ಕೆ ಕಾಲು ಜುಮ್ಮೆನ್ನುತ್ತದೆ, ಜುಮ್ಮೆಂದಾಗ ಒದೆಯುತ್ತದೆ. ಹಾಲಿನ ಗಾಡಿಯವನಿಗೆ ಇದೆಲ್ಲ ಸಂಬಂಧವಿಲ್ಲ. ಬಿಸಿಲು ಮಾಡಿಗೆ ತಾಗಿದೊಡನೆ ಬರುತ್ತಾನೆ, ಕ್ಯಾನು ಹೊರಗಿಲ್ಲದಿದ್ದರೆ ಹಾರ್ನು ಹೊಡೆದು ಹೊರಟುಹೋಗುತ್ತಾನೆ.

ಗೋಡೆಯಾಚೆಯ ಕೋಣೆಯಲ್ಲಿ ಅತ್ತೆಯೂ ಹಾಲು ಕರೆಯುತ್ತಿದ್ದರು. ಬೆನ್ನಿಗೆ ಎರಡು ದಿಂಬು, ಹೊಟ್ಟೆಯ ಮೇಲೆ ಕಂಬಳಿ, ಕೈಯಲ್ಲಿ ಮುಚ್ಚಳವಿದ್ದ ಅಂಗೈಯಗಲದ ಆಟದ ಯಂತ್ರ. ಅದರೊಳಗೊಂದು ಹಳ್ಳಿ, ಹಳ್ಳಿಯಲ್ಲೊಂದು ಹಸು. ಅದರ ಹಣೆ ಸವರಿದರೆ ಸಾಕು, ಬಿಂದಿಗೆ ತುಂಬಿ ಹಾಲು, ಮೇಲೊಂದು ಕೆಂಪು ಹೃದಯ. ಆ ಹಸು ಒದೆಯುವುದಿಲ್ಲ, ಅದಕ್ಕೆ ಕೆಚ್ಚಲು ಬಾವು ಬರುವುದಿಲ್ಲ, ಸಗಣಿಯಂತೂ ಹಾಕುವುದೇ ಇಲ್ಲ. ಅಂಥ ಹಸುವನ್ನು ಸಾಕುವುದು ಯಾವ ದೊಡ್ಡಸ್ತಿಕೆ ಎಂದು ಹಿರಿಸೊಸೆ ಒಮ್ಮೆ ಕೇಳಿದ್ದಳು. ನಿನಗೆ ಹೊಟ್ಟೆಕಿಚ್ಚು ಎಂದು ಉತ್ತರ ಬಂದಿತ್ತು.

"ದೊಡ್ಡವಳೇ, ನಂದು ಆಯ್ತು. ನಿಂದು ಇನ್ನೂ ಆಗಿಲ್ವಾ?" ಎಂದು ಅತ್ತೆ ಗೋಡೆಯಾಚೆಯಿಂದ ಕೇಳಿದರು. ಕೆಂದು ಹಸು ಅದೇ ಗಳಿಗೆಯಲ್ಲಿ ಬಾಲದಿಂದ ಹಿರಿಸೊಸೆಯ ಕೆನ್ನೆಗೊಂದು ಬಿಟ್ಟಿತು.

ಮಾವ ತೀರಿಕೊಂಡಾಗ ಮನೆಯ ಹಿಸ್ಸೆ ಜಗಳವಿಲ್ಲದೆ ಮುಗಿದಿತ್ತು. ಹುಲ್ಲುಗಾವಲು, ಕೊಟ್ಟಿಗೆ ಹಿರಿಮಗನಿಗೆ. ಅಂಗಳದಾಚೆಯ ಹೊಸ ಮನೆ, ಅದರ ಹಿಂದೆ ಟೊಮೇಟೊ ಬೆಳೆಯುವ ಗಾಜಿನ ಮನೆ ಕಿರಿಮಗನಿಗೆ. ಟ್ರ್ಯಾಕ್ಟರು ಇಬ್ಬರಿಗೂ. ತಾಯಿಯನ್ನು ಭಾಗ ಮಾಡಲು ಬರುವುದಿಲ್ಲವಾದ್ದರಿಂದ ವರ್ಷವನ್ನು ಭಾಗ ಮಾಡಿದರು: ಅರ್ಧ ವರ್ಷ ಹಿರಿಯವನ ಮನೆ, ಇನ್ನರ್ಧ ಕಿರಿಯವನ ಮನೆ. ಅತ್ತೆ ಓಡಾಡಿಕೊಂಡು ಎರಡೂ ಮನೆಯ ಕೆಲಸವನ್ನು ಎತ್ತಿನಂತೆ ಎಳೆಯುತ್ತಿದ್ದಾಗ ಅವರಿಗಾಗಿ ಪೈಪೋಟಿಯೇ ಇತ್ತು. ಒಂದು ಬೇಸಿಗೆಯಲ್ಲಿ ಅಂಗಳದ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು ನೋಡಿ, ಸರದಿಯ ಗಾಡಿ ಹಿರಿಮನೆಯ ಕೆಸರಲ್ಲಿ ಹೂತುಕೊಂಡಿತು. ಮಳೆ ಬೀಳುವಾಗ ಮುಗಿಯಬೇಕಿದ್ದ ಸರದಿ ಮಾಗಿಗೆ ಬಂದರೂ ಮುಗಿದಿರಲಿಲ್ಲ.

ವಾರಗಿತ್ತಿಯ ಬಳಿ ನೆಪಗಳು ಅವಳ ಗಾಜಿನ ಮನೆಯ ಟೊಮೇಟೊಗಳ ಹಾಗೆ, ಋತು ನೋಡದೆ ಹಣ್ಣಾಗುತ್ತಿದ್ದವು. ಮೊದಲು ಮಳೆಗೆ ಸೋರುವ ಕೋಣೆ. ಆಮೇಲೆ ಹೊಸ್ತಿಲು ಎತ್ತರ. ಆಮೇಲೆ ಗಿಡಕ್ಕೆ ಹೊಡೆಯುವ ಔಷಧಿಯ ವಾಸನೆ ವಯಸ್ಸಾದವರಿಗೆ ಆಗಿಬರುವುದಿಲ್ಲ. ಈಚೆಗೆ ಬಾಗಿಲು ಸಣ್ಣದು, ಮಂಚ ಒಳಗೆ ಹೋಗುವುದಿಲ್ಲ. ಅಂತೂ ತಾನು ಕಲ್ಲೆದೆಯವಳಲ್ಲ ಎಂದು ತೋರಿಸಲು ಅವಳು ಸರದಿಯ ಬದಲಿಗೆ ಈ ಯಂತ್ರವನ್ನು ಕಳಿಸಿದ್ದಳು. ಬಿದ್ದಾಗ ಅತ್ತೆಯ ಬಲಗೈ ಬೆರಳುಗಳೂ ಮರಗಟ್ಟಿದ್ದವು, ಬೆರಳಿಗೆ ಕೆಲಸ ಕೊಡಿ ಎಂದು ಫಿಸಿಯೋಥೆರಪಿಯ ಹೆಂಗಸು ಹೇಳಿಹೋಗಿದ್ದಳು. ಬಟಾಣಿ ಸುಲಿಯಲು ಕೊಟ್ಟರೂ ಆಗುತ್ತಿತ್ತು. ಆದರೆ ಬಟಾಣಿಗೆ ಆನ್‌ಲೈನ್ ಇರುವುದಿಲ್ಲ.

ಆನ್‌ಲೈನ್ ಎಂದರೇನೆಂದು ಹಿರಿಸೊಸೆಗೆ ಅತ್ತೆಯೇ ಬಿಡಿಸಿ ಹೇಳಿದ್ದರು. ಅಂಗೈ ಊರಿಗೊಂದು ಹೆಬ್ಬಾಗಿಲು ಇದೆ. ಅದನ್ನು ತೆರೆದಿಟ್ಟರೆ ಮೇಲೆ ಲಾಟೀನು ಹತ್ತಿಕೊಳ್ಳುತ್ತದೆ, ಎಲ್ಲೆಲ್ಲಿಂದಲೋ ನೆಂಟರು ಬರುತ್ತಾರೆ. ಬಂದವರು ಗಿಡಕ್ಕೆ ನೀರು ಹಾಕಬಹುದು, ಕಳೆ ಕೀಳಬಹುದು, ಕೊಳದಲ್ಲಿ ಮೀನು ಹಿಡಿಯಬಹುದು, ಗುಂಡಿಯೊತ್ತಿ ಬಾಗಿ ನಮಸ್ಕರಿಸಬಹುದು, ಇನ್ನೊಂದು ಗುಂಡಿಯೊತ್ತಿ ಕಣ್ಣೀರು ಹಾಕಬಹುದು. ಕೊಡಲಿ, ಗುದ್ದಲಿ ಹಿಡಿಯಬೇಕಾದರೆ ಮಾತ್ರ ಊರಿನ ಒಡತಿ ಅವರನ್ನು 'ಆಪ್ತರು' ಎಂಬ ಪಟ್ಟಿಗೆ ಸೇರಿಸಬೇಕು. ನೀಲಿ ಟೋಪಿಯವನೊಬ್ಬ ಯಾವುದೋ ದೇಶದಿಂದ ಬಂದು ಮರದಲ್ಲಿದ್ದ ಅಷ್ಟೂ ಪೀಚ್ ಹಣ್ಣು ಉದುರಿಸಿಕೊಂಡು ಹೋದ ದಿನ ಅತ್ತೆ ಊಟ ಮಾಡಿರಲಿಲ್ಲ. ಅವರ ಆಪ್ತರ ಪಟ್ಟಿಯಲ್ಲಿದ್ದವಳು ಒಬ್ಬಳೇ, ಕಿರಿಸೊಸೆ. ದಿನಾ ಬೆಳಗ್ಗೆ ಬೆಡ್‌ಪ್ಯಾನು ತೊಳೆಯುವವಳಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಬೆಡ್‌ಪ್ಯಾನು ಆಟದಲ್ಲಿ ಬರುವುದಿಲ್ಲವಲ್ಲ.

ಕಿರಿಸೊಸೆ ದಿನವೂ ಬರುತ್ತಿದ್ದಳು. ಅಂಗಳ ದಾಟಿ ಅಲ್ಲ, ಹೆಬ್ಬಾಗಿಲಿನಿಂದ. ತನ್ನ ಮನೆಯ ಸೋಫಾದ ಮೇಲೆ ಕಾಲು ಚಾಚಿ ಕೂತು, ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ಅತ್ತೆಯ ಊರಿಗೆ ಅವಳು ಬಂದು, ಬಾಗಿ, ಅಷ್ಟೂ ಹೂವಿಗೆ ನೀರು ಹಾಕಿ, ಕಳೆ ಕಿತ್ತು ಹೋಗುತ್ತಿದ್ದಳು. ಎದುರಿಗೆ 'ಅತ್ತೆ' ಎಂದು ಕರೆಯುತ್ತಿದ್ದವಳು ಅಲ್ಲಿ 'ಅಮ್ಮ' ಎನ್ನುತ್ತಿದ್ದಳು. ತನ್ನ ಯಂತ್ರದೊಳಗಿನ ಊರಿನಲ್ಲಿ ಕೆರೆಯ ದಡಕ್ಕೆ ಮುಖ ಮಾಡಿ ಒಂದು ಮನೆ ಕಟ್ಟಿಸಿ 'ಅಮ್ಮನ ಮನೆ' ಎಂದು ಹಲಗೆ ತೂಗುಹಾಕಿದ್ದಳು. ಅದನ್ನು ನೋಡಲು ಹೊರದೇಶದ ಹಲ್ಲಿನ ಡಾಕ್ಟರೊಬ್ಬಳು ಬಂದು ಚಪ್ಪಾಳೆ ತಟ್ಟಿದ್ದಳಂತೆ.

ಹಿರಿಸೊಸೆ ಗಂಜಿ ಕುಡಿಸುವಾಗ ಅತ್ತೆ ಇದನ್ನೆಲ್ಲ ವರದಿ ಮಾಡುತ್ತಿದ್ದರು. "ಎಂಥ ಮನಸ್ಸು ಅವಳದು. ಒಂದು ದಿನ ತಪ್ಪಿಸಲ್ಲ ನೋಡು."

"ಬಾಯಿ ತೆಗೀರಿ," ಎನ್ನುತ್ತಿದ್ದಳು ಹಿರಿಸೊಸೆ.

ಅವಳಿಗೆ ಹೊಗಳಿಕೆ ಬೇಕಿರಲಿಲ್ಲ. ಬೇಕಾಗಿದ್ದು ರಜೆ. ಪಟ್ಟಣದಲ್ಲಿದ್ದ ಮಗಳಿಗೆ ಚೊಚ್ಚಲ ಹೆರಿಗೆ, ಈ ತಿಂಗಳೇ ಆಗಬೇಕು. ರಕ್ತದೊತ್ತಡ ಏರಿದೆ, ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರು. ಅಳಿಯ ಒಳ್ಳೆಯವನು, ಆದರೆ ನೀರು ಕಾಯಿಸಲೂ ಯಾರಾದರೂ ಮುಂದೆ ನಿಂತು ಹೇಳಬೇಕು. ಮಗಳು ಪ್ರತಿ ಸಲ ಫೋನು ಮಾಡಿದಾಗಲೂ ಕೊನೆಗೆ ಒಂದೇ ಮಾತು ಕೇಳುತ್ತಿದ್ದಳು: "ಅಮ್ಮಾ, ನೀನು ಬರ್ತೀಯಲ್ವಾ?" ಅವಳಿಲ್ಲದಾಗ ಹಸುಗಳನ್ನು ಗಂಡ ಹೇಗೋ ನೋಡಿಕೊಂಡಾನು. ಹೆತ್ತ ತಾಯಿಯ ಬಟ್ಟೆ ಬದಲಿಸುವ ಮಾತು ಬಂದರೆ ಮಾತ್ರ ಅವನಿಗೆ ಬೇಲಿ ಸರಿಮಾಡುವುದು ನೆನಪಾಗುತ್ತಿತ್ತು. ವಾರಗಿತ್ತಿ ತನ್ನ ಸರದಿ ವಹಿಸಿಕೊಳ್ಳದೆ ಅವಳು ಹೊಸ್ತಿಲು ದಾಟುವಂತಿರಲಿಲ್ಲ.

ಮೊದಲು ನೇರ ದಾರಿಯಲ್ಲೇ ಹೋದಳು. ತಮ್ಮನ ಹತ್ತಿರ ಮಾತಾಡು ಎಂದು ಗಂಡನನ್ನು ಕಳಿಸಿದಳು. ಅಣ್ಣ ತಮ್ಮ ಇಬ್ಬರೂ ಟ್ರ್ಯಾಕ್ಟರಿನ ಸುತ್ತ ನಿಂತು ಬಹಳ ಹೊತ್ತು ಮಾತಾಡಿದರು. ಗಂಡ ಬಂದ ಮೇಲೆ ಕೇಳಿದರೆ ಹಿಂದಿನ ಟೈರು ಇನ್ನೊಂದು ವರ್ಷ ಬರುತ್ತದಂತೆ. ಅತ್ತೆಯ ವಿಷಯ ಏನಾಯಿತು ಎಂದಳು. ಕೇಳಬೇಕು ಅಂತಲೇ ಹೋಗಿದ್ದೆ ಎಂದ. ಮಗಳ ಹೆರಿಗೆ ಹತ್ತಿರ ಬಂತೆಂದು ಅತ್ತೆಗೂ ಒಂದು ಮಾತು ಹೇಳಿ ನೋಡಿದಳು, ಆಗ ಅವರ ಗಾಳಕ್ಕೆ ದೊಡ್ಡ ಮೀನು ಸಿಕ್ಕಿತ್ತು. ಕೊನೆಗೆ ತಾನೇ ಬಟ್ಟೆ ಒಣಹಾಕುವ ನೆಪದಲ್ಲಿ ಅಂಗಳದಲ್ಲಿ ನಿಂತು ವಾರಗಿತ್ತಿಯನ್ನು ಹಿಡಿದು ಕೇಳಿದಳು. ಅವಳು ಬಹಳ ನೊಂದುಕೊಂಡಳು. ತನಗೆ ಮನಸ್ಸಿಲ್ಲವೇ, ಬಾಗಿಲು ಸಣ್ಣದಲ್ಲವೇ, ಬಡಗಿಗೆ ಹೇಳಿದ್ದೇನೆ, ಬಡಗಿ ಬರಬೇಡವೇ ಎಂದಳು. ಬಡಗಿ ಅವತ್ತು ಬೆಳಗ್ಗೆ ಹಿರಿಮನೆಯ ಅಂಗಳದಲ್ಲಿಯೇ ಹಾಲು ಕೊಂಡು ಹೋಗಿದ್ದ, ಯಾರೂ ಅವನಿಗೆ ಏನೂ ಹೇಳಿದಂತೆ ಕಾಣಿಸಿರಲಿಲ್ಲ.

ಆ ವಾರವೇ ಮುಚ್ಚಳದ ಪ್ರಸಂಗ ನಡೆಯಿತು.

ಅಂಗೈ ಊರಿನಲ್ಲಿ ಅಂದು ಹೂವಿನ ಪ್ರದರ್ಶನ. ಹೆಬ್ಬಾಗಿಲು ತೆರೆದು ಲಾಟೀನು ಹತ್ತಿತ್ತು. ಹಲ್ಲಿನ ಡಾಕ್ಟರು ಬಂದಿದ್ದಳು, ಅವಳ ಗಂಡ ಬಂದಿದ್ದ, ಹೆಸರು ಓದಲು ಬಾರದ ಇನ್ನಿಬ್ಬರು ಬಂದಿದ್ದರು. ಕಿರಿಸೊಸೆ ಊಟವಾದಾಗಿನಿಂದ ಗುದ್ದಲಿ ಹಿಡಿದು, ತನ್ನ ಊರಿನಲ್ಲಿ ತಿಂಗಳುಗಟ್ಟಲೆ ಕಸಿ ಮಾಡಿ ಬೆಳೆಸಿದ್ದ ನೀಲಿ ಹೂವಿನ ಸಸಿಗಳನ್ನು ತಂದು ಅತ್ತೆಯ ಕೆರೆಯ ಸುತ್ತ ನೆಡುತ್ತಿದ್ದಳು. ಹಿರಿಸೊಸೆ ಬಿಸಿನೀರು ತಂದಿಟ್ಟು ಮೈ ಒರೆಸೋಣವೇ ಎಂದಳು. ನೆಂಟರಿದ್ದಾರೆ, ತಾಳು ಎಂದರು ಅತ್ತೆ. ನೀರು ಆರಿತು. ಮತ್ತೆ ಕಾಯಿಸಿ ತಂದಳು. ಅದೂ ಆರಿತು. ಕೊಟ್ಟಿಗೆಯಲ್ಲಿ ಕರುಗಳು ಕೂಗಲು ಶುರುಮಾಡಿದವು. ಕ್ಯಾನು, ಹಿಂಡಿಯ ಡಬ್ಬ, ಬಾವಿಯ ಹಲಗೆ, ದಾರಿಯಲ್ಲಿ ಕಂಡ ಮುಚ್ಚಳವನ್ನೆಲ್ಲ ಮುಚ್ಚಿಕೊಂಡೇ ನಡೆಯುವುದು ಮೂವತ್ತು ವರ್ಷ ಹಾಲಿನ ಕೆಲಸ ಮಾಡಿದವಳ ಕೈಯ ಅಭ್ಯಾಸ. ಮೂರನೆಯ ಸಲ ನೀರು ತಂದವಳು ಅತ್ತೆಯ ಕೈಯಿಂದ ಯಂತ್ರವನ್ನು ತೆಗೆದುಕೊಂಡು ಟಪ್ಪೆಂದು ಮುಚ್ಚಿ ಕಿಟಕಿಯ ಮೇಲಿಟ್ಟಳು.

ಆ ಊರಿನ ಕಾನೂನು ಅವಳಿಗೇನು ಗೊತ್ತು. ನೆಂಟರು ಒಬ್ಬೊಬ್ಬರಾಗಿ ಹೆಬ್ಬಾಗಿಲು ದಾಟುವ ಮೊದಲೇ ಒಡತಿಯ ಯಂತ್ರ ಮುಚ್ಚಿದರೆ, ಎಲ್ಲರೂ ಅವರವರ ಊರಿಗೆ ಎಸೆಯಲ್ಪಡುತ್ತಾರೆ. ಬಾಗಿಲು ತೆರೆದಾಗ ಹೇಗಿತ್ತೋ ಹಾಗಾಗುತ್ತದೆ, ನಡುವೆ ಮಾಡಿದ್ದೆಲ್ಲ ಮಾಡದಂತೆ. ಮಧ್ಯಾಹ್ನವಿಡೀ ಅಗೆದದ್ದು, ನೆಟ್ಟದ್ದು, ನೀರು ಹಾಕಿದ್ದು ಒಂದೂ ಇಲ್ಲ. ಅತ್ತೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. ಮಳೆಗಾಲ ಕಳೆದ ಮೇಲೆ ಮೊದಲ ಬಾರಿಗೆ ಕಿರಿಸೊಸೆ ಈ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು.

"ಅಕ್ಕಾ, ಯಾರು ಅದನ್ನ ಮುಚ್ಚಿದ್ದು?"

"ಒಳ್ಳೆ ಹೊತ್ತಿಗೆ ಬಂದೆ. ಆ ಕಡೆ ಭುಜ ಹಿಡ್ಕೊ," ಎಂದಳು ಹಿರಿಸೊಸೆ.

ಅವಳು ಹಿಡಿದಳು. ಹಿಡಿಯದೆ ನಿಲ್ಲುವಂತಿರಲಿಲ್ಲ, ಅತ್ತೆ ಆಗಲೇ ಅರ್ಧ ಮಗ್ಗುಲಾಗಿದ್ದರು. 'ಅಮ್ಮ'ನ ಬೆನ್ನಿನ ಕೆಳಗೆ ಮಲಗಿ ಮಲಗಿ ಕೆಂಪಾದ ಚರ್ಮ ಅವಳ ಕಣ್ಣಿಗೆ ಬಿತ್ತು. ಒದ್ದೆ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಅವಳು ಮುಖ ತಿರುಗಿಸಿಕೊಂಡು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಬಂದಷ್ಟೇ ವೇಗದಲ್ಲಿ ಹೊರಟುಹೋದಳು. ಅವರ ಮನೆಗೆ ಹಾಲು ಹೋಗುವುದು ಈ ಮನೆಯಿಂದ. ಆ ದಿನದ್ದು ಇನ್ನೂ ಕೊಟ್ಟಿಗೆಯ ಮೂಲೆಯಲ್ಲೇ ಇತ್ತು.

ಸಂಜೆ ಕರುಗಳನ್ನು ಬಿಡುತ್ತ ಹಿರಿಸೊಸೆ ಇದನ್ನೇ ಯೋಚಿಸಿದಳು. ತಿಂಗಳುಗಟ್ಟಲೆ ಕರೆದರೆ ಬಾರದವಳು ಒಂದು ಮುಚ್ಚಳಕ್ಕೆ ಓಡಿ ಬಂದಳು. ಅಂದರೆ ತಾನು ಇಷ್ಟು ದಿನ ಹಗ್ಗ ಹಿಡಿದು ಎಳೆದದ್ದೇ ತಪ್ಪು. ಹೊಸ ಕೊಟ್ಟಿಗೆಗೆ ಹಸುವನ್ನು ಎಳೆದು ಒಯ್ಯುವವನು ದಡ್ಡ, ತಿಳಿದವನು ಮೇವಿನ ಬುಟ್ಟಿಯನ್ನು ಮೊದಲು ಅಲ್ಲಿಗೆ ಒಯ್ಯುತ್ತಾನೆ. ಅತ್ತೆಯ ಮೇವು ಯಾವುದು ಎಂಬುದನ್ನು ಯಾರೂ ಹೇಳಬೇಕಿರಲಿಲ್ಲ. ಹಿರಿಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಅಂಗಳದಾಚೆ ಕಿರಿಮನೆಯಲ್ಲಿದ್ದದ್ದು ಕಿಟಕಿಯ ಮೂಲಕ ಹರಿದುಬಂದು ಅತ್ತೆಯ ಮಂಚದ ತಲೆದೆಸೆಗೆ ತಲುಪುತ್ತಿತ್ತು, ಸಿಗ್ನಲ್ಲಿನ ಎರಡು ಗೆರೆಯಷ್ಟು.

ಮರುದಿನ ಅವಳು ಗಂಡನನ್ನು ಕರೆದು ಮಂಚವನ್ನು ಒಳಕೋಣೆಗೆ, ಅಡುಗೆಮನೆಯ ಗೋಡೆಗೆ ಒತ್ತಿ ಹಾಕಿಸಿದಳು. ಕಿಟಕಿಯಿಂದ ಚಳಿ ಬರುತ್ತದೆ, ಇಲ್ಲಿ ಒಲೆಯ ಕಾವಿದೆ. ಯಾರೂ ತಪ್ಪು ಹೇಳುವಂತಿರಲಿಲ್ಲ. ಫಿಸಿಯೋಥೆರಪಿಯವಳು ಬಂದು ನೋಡಿ, ಇಂಥ ಸೊಸೆ ಸಿಗುವುದು ಅಪರೂಪ ಎಂದಳು. ಎರಡು ಗೋಡೆ ದಾಟಿ ಬರುವಷ್ಟು ಪ್ರೀತಿ ವಾರಗಿತ್ತಿಯ ಇಂಟರ್ನೆಟ್ಟಿಗೂ ಇರಲಿಲ್ಲ.

ಹೆಬ್ಬಾಗಿಲು ತೆರೆಯಲಿಲ್ಲ. ಲಾಟೀನು ಹತ್ತಲಿಲ್ಲ. ಮೊದಲ ದಿನ ಅತ್ತೆ ಊರಿನ ಪ್ರಾಣಿಗಳ ಮೇಲೆ ಜೋರು ಮಾಡಿದರು. ಅಲ್ಲಿಯ ಬಡಗಿ ಕರಡಿ, ಅಂಗಡಿಯ ಅಳಿಲು, ಎಲ್ಲರೂ ಹೇಳಿದ್ದನ್ನೇ ಹೇಳಿದರು: ಇವತ್ತು ಗಾಳಿ ಹಿತವಾಗಿದೆ ಅಲ್ಲವೇ. ಎರಡನೆಯ ದಿನ ಯಂತ್ರವನ್ನು ಎದೆಯ ಮೇಲಿಟ್ಟುಕೊಂಡು ಮಾಡು ನೋಡುತ್ತ ಮಲಗಿದರು. ಮರುದಿನ ಅದನ್ನು ಮುಟ್ಟಲೂ ಇಲ್ಲ. ಗಂಜಿ ಕುಡಿಸುವಾಗ ವರದಿಯಿಲ್ಲ, ವಾರಗಿತ್ತಿಯ ಹೊಗಳಿಕೆಯಿಲ್ಲ. ಹಿರಿಸೊಸೆಗೆ ಆ ನಿಶ್ಶಬ್ದದಲ್ಲಿ ಚಮಚ ಬಟ್ಟಲಿಗೆ ತಾಗುವ ಸದ್ದೇ ದೊಡ್ಡದಾಗಿ ಕೇಳಿತು. ಅತ್ತೆಯ ಬಲಗೈ ಬೆರಳುಗಳು ಕಂಬಳಿಯ ಮೇಲೆ ಮಡಚಿಕೊಂಡಿದ್ದವು. ಮಂಚವನ್ನು ಹಿಂದಕ್ಕೆ ಹಾಕಿಬಿಡೋಣ ಎಂದು ಗಂಡನಿಗೆ ಹೇಳಲು ಅಂಗಳಕ್ಕೆ ಇಳಿದೂ ಇಳಿದಳು. ಆಗ ಮಗಳ ಫೋನು ಬಂತು. ಕಾಲು ಊದಿಕೊಂಡಿದೆಯಂತೆ, ಇನ್ನು ಯಾವ ದಿನವಾದರೂ ಆಗಬಹುದಂತೆ. ಹಿರಿಸೊಸೆ ಅಂಗಳದಿಂದಲೇ ತಿರುಗಿ ಒಳಗೆ ಬಂದಳು, ಮಂಚದ ಮಾತು ಎತ್ತಲಿಲ್ಲ.

ಅಂದು ರಾತ್ರಿಯ ಊಟಕ್ಕೆ ಮುಂಚೆ ಅತ್ತೆ ಬಾಯಿ ಬಿಟ್ಟರು. "ಚಿಕ್ಕವಳ ಮನೇಲಿ ಎಷ್ಟು ಗೆರೆ ಬರುತ್ತೆ?"

"ನಾಲ್ಕು ಅಂತೆ," ಎಂದಳು ಹಿರಿಸೊಸೆ, ಹಿಂಡಿಯ ಧಾರಣೆ ಹೇಳುವವಳಂತೆ.

ಅತ್ತೆ ಫೋನು ತರಿಸಿಕೊಂಡರು. ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿಸಿದರು. ಅತ್ತ ಕಡೆ ಕಿರಿಸೊಸೆ ಮೂರು ದಿನದಿಂದ ಬಾಗಿಲು ಯಾಕೆ ತೆರೆದಿಲ್ಲ, ಹೂವೆಲ್ಲ ಬಾಡಿರಬೇಕು, ತನಗೆ ಊಟವೇ ಸೇರುತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿಕೊಂಡಳು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ನಂಗೆ ಅಂತ ಅಲ್ಲಿ ಕೆರೆ ದಂಡೇಲಿ ಮನೆ ಕಟ್ಟಿಸಿದೀಯ. ಊರಿನವರೆಲ್ಲ ನೋಡಿ ಚಪ್ಪಾಳೆ ತಟ್ಟಿದಾರೆ. ಈ ಕಡೆ ಒಂದು ಮಂಚಕ್ಕೆ ಜಾಗ ಇದೆಯೋ ಇಲ್ವೋ?"

ಅತ್ತ ಕಡೆಯಿಂದ ಸಣ್ಣ ದನಿಯಲ್ಲಿ, ಬಾಗಿಲು ಸ್ವಲ್ಪ ಸಣ್ಣದು ಎಂದು ಕೇಳಿಸಿತು.

"ಆ ಬಾಗಿಲ ಅಳತೆ ನಂಗೆ ಹೇಳ್ತೀಯಾ? ಬೀರು ಒಳಗೆ ಹೋಗ್ಬೇಕು ಅಂತ ಕಂತ್ರಾಟುದಾರನ ಹತ್ರ ಜಗಳ ಆಡಿ ಅಗಲ ಮಾಡಿಸಿದವಳು ನಾನು. ನಾಳೆ ಬರ್ತೀನಿ. ಪ್ಲಗ್ಗಿನ ಹತ್ರ ಹಾಸಿಡು."

ಮರುದಿನ ಬಿಸಿಲೇರಿದ ಮೇಲೆ ಅಣ್ಣ ತಮ್ಮ ಟ್ರ್ಯಾಕ್ಟರಿಗೆ ಹುಲ್ಲಿನ ಟ್ರಾಲಿ ಸಿಕ್ಕಿಸಿದರು. ಅಂಗಳ ದಾಟಲು ಟ್ರ್ಯಾಕ್ಟರು ಬೇಕಿರಲಿಲ್ಲ, ಆದರೆ ಅವರಿಬ್ಬರಿಗೂ ಅದಿಲ್ಲದೆ ಒಟ್ಟಿಗೆ ಕೆಲಸ ಮಾಡಿ ಗೊತ್ತಿರಲಿಲ್ಲ. ಟ್ರಾಲಿಯ ಮೇಲೆ ಮಂಚ, ಮಂಚದ ಮೇಲೆ ಅತ್ತೆ, ಸುತ್ತ ದಿಂಬು, ಔಷಧಿಯ ಚೀಲ, ಬೆಡ್‌ಪ್ಯಾನು. ಯಂತ್ರ ಅತ್ತೆಯ ಎದೆಯ ಮೇಲೆ. ಹಿರಿಸೊಸೆ ಪಕ್ಕದಲ್ಲಿ ಕೈ ಕೊಟ್ಟು ನಡೆಯುತ್ತಿದ್ದಳು.

"ಮೇವು ಆಚೆ ಇಟ್ಟು ಹಸು ಹಿಡಿಯೋ ಹಾಗೆ ಹಿಡಿದೆ ನನ್ನ," ಎಂದರು ಅತ್ತೆ, ಮಕ್ಕಳಿಗೆ ಕೇಳದಷ್ಟು ಮೆಲ್ಲಗೆ. ಕೋಪವಿರಲಿಲ್ಲ. ಮೊಮ್ಮಗಳ ಹೆರಿಗೆ ಹತ್ತಿರ ಬಂತು ಅಂತ ಬಾಯಲ್ಲಿ ಒಂದು ಮಾತು ಹೇಳಿದ್ರೆ ನಾನೇ ಹೊರಡ್ತಿದ್ದೆ ಎಂದರು.

"ಹೇಳಿದ್ದೆ ಅತ್ತೆ. ನೀವು ಮೀನು ಹಿಡೀತಿದ್ರಿ."

ಟ್ರಾಲಿ ಕಲ್ಲಿನ ಮೇಲೆ ಹತ್ತಿ ಇಳಿದಾಗ ಅತ್ತೆ ಸೊಸೆಯ ಮಣಿಕಟ್ಟನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಬೆರಳಿಗೆ ಚೆನ್ನಾಗಿಯೇ ಬಲ ಬಂದಿತ್ತು. ಕಿರಿಮನೆಯ ಬಾಗಿಲಲ್ಲಿ ಮಂಚ ಸಲೀಸಾಗಿ ಒಳಗೆ ಹೋಯಿತು, ಎರಡೂ ಕಡೆ ನಾಲ್ಕು ಬೆರಳು ಉಳಿಯಿತು. ಯಾರೂ ಆ ಕಡೆ ನೋಡಲಿಲ್ಲ.

ಹಿರಿಸೊಸೆ ಸಂಜೆಯ ಬಸ್ಸಿಗೇ ಹೊರಟಳು. ನಾಲ್ಕು ದಿನ ಕಳೆದು ಮಗಳು ಹೆಣ್ಣುಮಗುವನ್ನು ಹೆತ್ತಳು. ಕಷ್ಟವೇ ಆಯಿತು, ಆದರೆ ತಾಯಿಯ ಕೈ ಮಗಳ ಕೈಯಲ್ಲಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬಿಸಿನೀರು, ಎಣ್ಣೆ, ಒಣಗುವ ಬಟ್ಟೆಗಳ ನಡುವೆ ದಿನಗಳು ಹಗುರವಾಗಿ ಹೋದವು. ಬೆಳಗ್ಗೆ ಯಾರೂ ಒದೆಯುತ್ತಿರಲಿಲ್ಲ, ಅಷ್ಟೇ ಅವಳಿಗೆ ಹೊಸದು.

ಅಳಿಯನ ಬಳಿಯೂ ಅದೇ ಯಂತ್ರವಿತ್ತು. ಒಂದು ಮಧ್ಯಾಹ್ನ ಮಗು ಮಲಗಿದಾಗ ಮಗಳು, ಅಜ್ಜಿಯ ಊರಿನ ಬಾಗಿಲು ತೆರೆದಿದೆ, ನೋಡಿ ಬರುತ್ತೀಯಾ ಎಂದು ಅದನ್ನು ತಾಯಿಯ ಕೈಗೆ ಕೊಟ್ಟು, ಅಮ್ಮ ಬರುತ್ತಿದ್ದಾಳೆ ಎಂದು ಅಜ್ಜಿಗೆ ಫೋನಿನಲ್ಲಿ ತಿಳಿಸಿದಳು. ಹಿರಿಸೊಸೆ ನಾಚಿಕೊಂಡೇ ಒಳಗೆ ಹೋದಳು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ತಿಳಿಯದೆ ಬಾಗಿಲ ಕಂಬಕ್ಕೆ ಎರಡು ಸಲ ಮುಖ ಹೊಡೆದುಕೊಂಡಳು. ಊರಿನ ತುಂಬ ಕಳೆ. ಅತ್ತೆಯ ಕಿರಿಸೊಸೆಗೆ ಈಗ ಆ ಊರಿಗೆ ಬರಲು ಬಿಡುವಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಕಳೆ ಕಂಡ ಮೇಲೆ ಕೈ ಸುಮ್ಮನಿರುವುದುಂಟೆ? ಒಂದು ಕಿತ್ತಳು, ಎರಡು ಕಿತ್ತಳು. ಮಗು ಏಳುವಷ್ಟರಲ್ಲಿ ಕೆರೆಯ ಒಂದು ದಡ ಚೊಕ್ಕವಾಗಿತ್ತು. ಬೆನ್ನು ನೋಯಲಿಲ್ಲ, ಉಗುರಿಗೆ ಮಣ್ಣಾಗಲಿಲ್ಲ. ಇದು ಬಿಟ್ಟಿಯಾಗಿ ಬಂದ ಪುಣ್ಯ ಎನಿಸಿ ಅವಳಿಗೆ ನಗು ಬಂತು.

ಮಾರನೆಯ ದಿನ ವಾರಗಿತ್ತಿಯ ಫೋನು ಬಂತು. ದನಿ ದಣಿದಿತ್ತು, ಹಿಂದೆ ತಗಡಿನ ಬೇಸಿನ್ನು ನೆಲಕ್ಕೆ ತಾಗಿದ ಸದ್ದು ಕೇಳಿಸಿತು.

"ಅಕ್ಕಾ, ನೀವು ಬಂದು ಕಳೆ ಕಿತ್ತು ಹೋದ್ರಂತೆ. ನಿನ್ನೆಯಿಂದ ಅತ್ತೆ ಬಾಯಲ್ಲಿ ಬೇರೆ ಮಾತಿಲ್ಲ. ಬಾಣಂತಿ ಕೂಸು ನೋಡ್ಕೊಳ್ಳೋದರ ನಡುವೆಯೂ ಅಷ್ಟು ದೂರದಿಂದ ಬಂದಳು, ಎಂಥ ಮನಸ್ಸು ಅವಳದು ಅಂತ."

ಹಿರಿಸೊಸೆ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತ ಕೂಸನ್ನು ತೊಡೆಗೆ ಎತ್ತಿಕೊಂಡಳು.

"ಅವರನ್ನ ಮಗ್ಗುಲು ತಿರುಗಿಸೋಕೆ ನನ್ನ ಕೈಲಿ ಆಗ್ತಿಲ್ಲ. ನೋವು ಅಂತ ಕೂಗ್ತಾರೆ. ನೀವು ಹೇಗೆ ಮಾಡ್ತಿದ್ರಿ?" ಎಂದಳು ವಾರಗಿತ್ತಿ.

ಹಿರಿಸೊಸೆ ಹೇಳಿದಳು. ಮಂಡಿಗಳ ನಡುವೆ ದಿಂಬಿಡಬೇಕು. ಸರಿಯಿರುವ ಕಾಲನ್ನು ಅವರೇ ಮಡಚುವವರೆಗೆ ಕಾಯಬೇಕು. ಮೈ ಹಿಡಿದು ಎಳೆಯಬಾರದು, ಕೆಳಗಿನ ಹಾಸನ್ನು ಎಳೆಯಬೇಕು. ಎಳೆಯುವಾಗ ಬಾಯಲ್ಲಿ ಏನಾದರೂ ಮಾತಾಡುತ್ತಿರಬೇಕು. ವಾರಗಿತ್ತಿ ನಡುವೆ ಒಂದೂ ನೆಪ ಹೇಳದೆ ಕೇಳಿಸಿಕೊಂಡಳು, ಅದು ಅವಳ ಜನ್ಮದಲ್ಲಿ ಮೊದಲ ಸಲ. ಕೊನೆಗೆ, ಯಾವಾಗ ಬರುತ್ತೀರಿ ಎಂದು ಕೇಳಿದಳು.

"ನಿನ್ನ ಸರದಿ ಮುಗಿದ ಮಾರನೇ ದಿನ, ಅತ್ತೆನ ಕರ್ಕೊಂಡು ಹೋಗೋಕೆ ನಾನೇ ಬಾಗಿಲಿಗೆ ಬರ್ತೀನಿ."

"ಹಳೇ ಬಾಕಿನೂ ಸೇರ್ಸಿನಾ?"

ಹಿರಿಸೊಸೆ ತೊಡೆಯ ಮೇಲಿದ್ದ ಕೂಸಿನ ಮುಷ್ಟಿಯನ್ನು ಬಿಡಿಸಿ ನೋಡುತ್ತಿದ್ದಳು. "ಹಳೇದು ಬಿಟ್ಟಿದೀನಿ. ಇದನ್ನ ಪೂರ್ತಿ ಮಾಡು."

ಅತ್ತ ಕಡೆಯಿಂದ ಅತ್ತೆಯ ದನಿ, ನೀರು ಆರಿಹೋಗುತ್ತಿದೆ ಎಂದು ಕೇಳಿಸಿತು. ಬಂದೆ ಎಂದಳು ವಾರಗಿತ್ತಿ. ಫೋನು ಇಡುವುದನ್ನೂ ಮರೆತು ಹೋಗಿರಬೇಕು, ಹಿರಿಸೊಸೆಯ ಕಿವಿಗೆ ಬಟ್ಟೆ ಹಿಂಡುವ ಸದ್ದು, ಮಂಚ ಕಿರುಗುಟ್ಟಿದ ಸದ್ದು, ಆಮೇಲೆ ಟೊಮೇಟೊ ಗಿಡಕ್ಕೆ ಎಷ್ಟು ನೀರು ಬೇಕು ಎಂಬುದರ ಬಗ್ಗೆ ವಾರಗಿತ್ತಿ ಬಾಯಿಗೆ ಬಂದದ್ದನ್ನು ಮಾತಾಡುತ್ತಿರುವುದು ಕೇಳುತ್ತಲೇ ಇತ್ತು. ಯಾರೂ ನೋವು ಎಂದು ಕೂಗಲಿಲ್ಲ.